ಕೊನೆಯ ಬಸ್ ಎಷ್ಟಕ್ಕದ? ಕಲಬುರಗಿಯಿಂದ ರೈಲು, ಬಸ್ಸಿನಲ್ಲೇ ಹೋಗಿಬರುವ ಒಂದು ದಿನದ ಹೈಕ್‌ಗಳು

‘ಅಲ್ಲೇನದರಿ ಸರ? ಬರೇ ಗುಡ್ಡ ಅದ. ಅಲ್ಯಾಕ ಇಳೀತೀರಿ?’

ಚಿಂಚೋಳಿಯಿಂದ ಕುಂಚಾವರಂ ಕಡೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ್ದರು. ನಡೆಯೋಕೆ ಅಂದೆ. ಅವರು ಟಿಕೆಟ್ ಮಷಿನ್‌ನಿಂದ ಕಣ್ಣೆತ್ತಿ ಇನ್ನೊಮ್ಮೆ ನೋಡಿ, ‘ಹೊಳ್ಳಿ ಬರ್ಲಿಕ್ಕ ಬಸ್ ಸಿಗಂಗಿಲ್ಲ ನೋಡ್ರಿ’ ಅಂದರು. ನಾನು ನಕ್ಕು ಸುಮ್ಮನಾದೆ. ಸಂಜೆ ಐದೂವರೆಗೆ, ಕತ್ತಲಾಗುತ್ತಿದ್ದ ರಸ್ತೆಯಲ್ಲಿ ಒಬ್ಬನೇ ನಿಂತಾಗ ಆ ಮಾತಿನ ಬೆಲೆ ಗೊತ್ತಾಯಿತು. ಕೊನೆಗೆ ತೊಗರಿ ಕಟ್ಟಿಗೆ ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವರು ಹತ್ತಿಸಿಕೊಂಡರು. ತಪ್ಪು ಬಸ್ಸಿನದಲ್ಲ, ನನ್ನದೇ. ಬಸ್ಸು ಯಾರಿಗಾಗಿ ಓಡುತ್ತದೆ ಅನ್ನೋದೇ ನನಗೆ ಅರ್ಥವಾಗಿರಲಿಲ್ಲ.

ಹೈಕ್ ಅಂದರೆ ಚಿಕ್ಕಮಗಳೂರು, ಕೊಡಗು ಅನ್ನೋದು ನಮ್ಮ ತಲೆಯಲ್ಲಿ ಕೂತಿದೆ. ಕಲಬುರಗಿಯ ಹುಡುಗರು ರಾತ್ರಿಯಿಡೀ ಪ್ರಯಾಣ ಮಾಡಿ ಮುಳ್ಳಯ್ಯನಗಿರಿ ಹತ್ತಿ ಬರ್ತಾರೆ, ಮಳಖೇಡದ ಕೋಟೆ ನೋಡಿರುವುದಿಲ್ಲ. ಕಾರಿಲ್ಲದೆ ಹೋಗೋಕೆ ಆಗಲ್ಲ ಅನ್ನೋದು ಸಾಮಾನ್ಯ ನೆಪ. ಆಗುತ್ತೆ. ಆದರೆ ಟೈಮ್ ಟೇಬಲ್ಲನ್ನು ಬೇರೆ ಥರ ಓದಬೇಕು.

ವಸ್ತಿ ಬಸ್ಸಿನ ಲೆಕ್ಕ

ನಮ್ಮ ಕಡೆ ‘ವಸ್ತಿ ಬಸ್’ ಅಂತ ಒಂದಿದೆ. ರಾತ್ರಿ ಹಳ್ಳಿಗೆ ಹೋಗಿ ಅಲ್ಲೇ ತಂಗಿ, ಬೆಳಿಗ್ಗೆ ಊರಿಗೆ ಹೊರಡುವ ಬಸ್ಸು. ಅದರ ಸುತ್ತ ಇಡೀ ಗ್ರಾಮೀಣ ಸಾರಿಗೆ ಕಟ್ಟಿಕೊಂಡಿದೆ. ಬೆಳಿಗ್ಗೆ ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೋಗುವವರು, ಕಚೇರಿ ಕೆಲಸವಿದ್ದವರು ತಾಲೂಕು ಕೇಂದ್ರಕ್ಕೆ ಬರಬೇಕು, ಸಂಜೆ ಮನೆ ಸೇರಬೇಕು. ಮಧ್ಯಾಹ್ನ ಟ್ರಿಪ್ಪು ಕಡಿಮೆ.

ನಡೆಯಲು ಹೋಗುವವರದು ಇದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ನಗರದಿಂದ ಹಳ್ಳಿಗೆ ಹೋಗಿ ಸಂಜೆ ಹಳ್ಳಿಯಿಂದ ನಗರಕ್ಕೆ ಬರಬೇಕು. ಬೆಳಿಗ್ಗೆ ತೊಂದರೆಯಾಗಲ್ಲ, ಊರಿಗೆ ಬಂದ ಬಸ್ಸುಗಳು ವಾಪಸ್ ಹೋಗುವಾಗ ಹತ್ತಿಕೊಳ್ಳಬಹುದು. ಸಂಜೆ ಸಿಕ್ಕಿಹಾಕಿಕೊಳ್ತೀರಿ. ಹಳ್ಳಿಗೆ ಬಂದ ಕೊನೆಯ ಬಸ್ಸು ವಸ್ತಿಗೆ ಬಂದದ್ದು, ಅದು ಹೊರಡುವುದು ಮರುದಿನ ಬೆಳಿಗ್ಗೆಯೇ.

ಇಂಜಿನಿಯರಿಂಗ್ ಓದಿ ಬಿಟ್ಟವನಿಗೆ ಉಳಿದಿರುವ ಒಂದು ಚಟ, ಸಮಸ್ಯೆಯನ್ನು ತಿರುಗಿಸಿ ನೋಡುವುದು. ಹೋದ ದಾರಿಯಲ್ಲೇ ಬರಬೇಕು ಅಂತೇನಿಲ್ಲವಲ್ಲ? ಬೆಳಿಗ್ಗೆ ಬಸ್ಸಿನಲ್ಲಿ ಆದಷ್ಟು ಒಳಗೆ ಹೋಗಿಬಿಡಿ. ನಂತರ ದೊಡ್ಡ ರಸ್ತೆ ಅಥವಾ ರೈಲ್ವೆ ಸ್ಟೇಷನ್ ಇರುವ ದಿಕ್ಕಿಗೆ ನಡೆಯಿರಿ. ಆಗ ಸಂಜೆ ಮುಗಿಯುವುದು ಬಸ್ಸುಗಳು ರಾತ್ರಿಯವರೆಗೂ ಓಡುವ ಜಾಗದಲ್ಲಿ. ಒಳಗಿಂದ ಹೊರಗೆ ನಡೆ, ಇಷ್ಟೇ ನಿಯಮ. ಟ್ರ್ಯಾಕ್ಟರ್ ಹತ್ತಿದ ದಿನದಿಂದ ಇದನ್ನು ಮುರಿದಿಲ್ಲ.

ವಾಡಿಯಲ್ಲಿ ಕವಲೊಡೆಯುವ ರೈಲು

ನಮಗೆ ರೈಲಿನ ಅನುಕೂಲ ಚೆನ್ನಾಗಿಯೇ ಇದೆ. ಮುಂಬೈ–ಮದ್ರಾಸ್ ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಹೀಗಾಗಿ ವಾಡಿ ಜಂಕ್ಷನ್ ಆಯಿತು. ಕಲಬುರಗಿಯಿಂದ ಮರತೂರು, ಶಹಾಬಾದ್ ದಾಟಿ ವಾಡಿಗೆ ಬಂದರೆ, ಒಂದು ಕವಲು ನಾಲವಾರ, ಯಾದಗಿರಿ ಕಡೆಗೆ. ಇನ್ನೊಂದು ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ.

ಎರಡು ಎಚ್ಚರಿಕೆ. ಸಣ್ಣ ಸ್ಟೇಷನ್‌ಗಳಲ್ಲಿ ಎಲ್ಲಾ ಎಕ್ಸ್‌ಪ್ರೆಸ್ ನಿಲ್ಲಲ್ಲ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಆಪ್‌ನಲ್ಲಿ ಸೇಡಂ ಸಿಗದಿದ್ದರೆ ‘ಸೇರಂ’ ಅಂತ ಹುಡುಕಿ, ರೈಲ್ವೆಯವರ ಕಾಗುಣಿತ ಅದು. ಇನ್ನು, ಸ್ಟೇಷನ್ ಹೆಸರಿನ ಕೊನೆಗೆ ‘ರೋಡ್’ ಅಂತಿದ್ದರೆ ಊರು ಅಲ್ಲಿಲ್ಲ, ಅಲ್ಲಿಂದ ರಸ್ತೆ ಹಿಡಿದು ಹೋಗಬೇಕು ಅಂತ ಅರ್ಥ. ಮಳಖೇಡ ರೋಡ್‌ನಲ್ಲಿ ಇಳಿದು ಕೋಟೆ ಹುಡುಕಬೇಡಿ.

ಮರತೂರಿನಿಂದ ಶಹಾಬಾದ್

ಮೊದಲ ಸಲ ಹೋಗುವವರಿಗೆ ಇದೇ ಸರಿ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಈ ಮರತೂರಿನವನು ಅಂತ ಹೇಳುತ್ತಾರೆ. ಆರನೇ ವಿಕ್ರಮಾದಿತ್ಯನ ಕಾಲದವನು. ಹಿಂದೂ ಕುಟುಂಬದ ಆಸ್ತಿ ಪಾಲಿನ ಪ್ರಶ್ನೆಯಲ್ಲಿ ದೇಶದ ಬಹುಭಾಗದ ಕೋರ್ಟುಗಳು ನೂರಾರು ವರ್ಷ ಅವನ ವ್ಯಾಖ್ಯಾನವನ್ನೇ ಆಧಾರವಾಗಿ ಹಿಡಿದಿದ್ದವು.

ಅಲ್ಲಿಂದ ಹೊಲದ ದಾರಿ ಹಿಡಿದು ಶಹಾಬಾದ್ ಕಡೆ ನಡೆದರೆ ಕಾಲಡಿಯ ನೆಲವೇ ಪಾಠ ಹೇಳುತ್ತೆ. ಮೇಲೆ ಕಪ್ಪು ಮಣ್ಣು, ಕೆಳಗೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಕೂತ ಸುಣ್ಣದ ಕಲ್ಲು. ಮನೆ ನೆಲಕ್ಕೆ ಹಾಸುವ ಫರ್ಸಿ ಇದೇ. ಇಲ್ಲಿ ಹೊಲದ ಬೇಲಿಗೂ ಫರ್ಸಿ ನಿಲ್ಲಿಸಿರುತ್ತಾರೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿನಿಂದಲೇ. ನೀರು ತುಂಬಿದ ಹಳೆಯ ಗಣಿ ಗುಂಡಿಗಳ ಹತ್ತಿರ ಮಾತ್ರ ಹೋಗಬೇಡಿ. ಅಂಚು ಕುಸಿಯುತ್ತೆ, ಆಳ ತಿಳಿಯಲ್ಲ.

ಮಳಖೇಡ, ನಾಗಾವಿ, ಸನ್ನತಿ

ಮಳಖೇಡ ಕಲಬುರಗಿ–ಸೇಡಂ ರಸ್ತೆಯಲ್ಲೇ ಇದೆ, ಬಸ್ಸಿಗೆ ಬರ ಇಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಇದು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ್ದು ಇಲ್ಲಿಂದ, ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಕಾಗಿಣಾ ದಂಡೆಯ ಕೋಟೆ, ಜೈನ ಬಸದಿ, ಉತ್ತರಾದಿ ಮಠ ಎಲ್ಲವನ್ನೂ ನಡೆದೇ ನೋಡಬಹುದು. ಅಲ್ಲಿಂದ ಸೇಡಂಗೆ ಹೆದ್ದಾರಿಯಲ್ಲಿ ನಡೆಯುವ ಸಾಹಸ ಬೇಡ, ಸಿಮೆಂಟ್ ಲಾರಿಗಳ ಕಾಟ. ಬಸ್ ಹತ್ತಿ.

ನನಗೆ ಹೆಚ್ಚು ಇಷ್ಟವಾದದ್ದು ನಾಗಾವಿ. ಚಿತ್ತಾಪುರದಲ್ಲಿ ರೈಲಿಳಿದು ನಡೆದೇ ಹೋಗಬಹುದು. ಯಲ್ಲಮ್ಮನ ಗುಡಿಗೆ ಹೋಗುವವರು ಬೇಕಾದಷ್ಟು ಜನ. ಪಕ್ಕದಲ್ಲೇ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನದ ಅವಶೇಷಗಳಿವೆ. 1058ರ ಶಾಸನದ ಪ್ರಕಾರ ಇಲ್ಲಿ 252 ವಿದ್ಯಾರ್ಥಿಗಳಿದ್ದರು, ಅವರಲ್ಲಿ 200 ಮಂದಿ ವೇದ ಓದುವವರು, 52 ಮಂದಿ ಶಾಸ್ತ್ರ ಓದುವವರು. ಜೊತೆಗೆ ಪುಸ್ತಕ ನೋಡಿಕೊಳ್ಳಲು 6 ಜನ ಸರಸ್ವತೀ ಭಂಡಾರಿಗರು. ಸುಮಾರು 1000 ವರ್ಷದ ಹಿಂದೆ ಲೈಬ್ರರಿಗೆ ಆರು ಹುದ್ದೆ! ಇವತ್ತು ನಮ್ಮ ಎಷ್ಟು ಕಾಲೇಜುಗಳಲ್ಲಿ ಅಷ್ಟಿವೆ?

ಸನ್ನತಿ ಸ್ವಲ್ಪ ಕಷ್ಟ. ನಾಲವಾರದಲ್ಲಿ ರೈಲಿಳಿದು ಬಸ್ಸೋ ಆಟೋನೋ ಹಿಡಿಯಬೇಕು. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನ ಸಿಕ್ಕಿತು, ಅದೂ ದೇವಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನಲ್ಲಿ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪವಿದೆ. ಎರಡೂ ಜಾಗಗಳ ನಡುವಿನ ನಡಿಗೆಗಾಗಿಯೇ ಒಂದು ದಿನ ಕೊಡಬಹುದು.

ಚಿಂಚೋಳಿ: ರೈಲಿಲ್ಲದ ಕಾಡು

ನಿಜವಾದ ಗುಡ್ಡ, ಕಾಡು ಇರುವುದು ಇಲ್ಲೇ. ಕುಂಚಾವರಂ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ ಜಲಪಾತ ಎಲ್ಲ ಈ ಭಾಗದವು. ತೋಳ, ಕತ್ತೆಕಿರುಬ ಇರುವ ಕಾಡು. ರಸ್ತೆ ಬಿಟ್ಟು ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರವೇಶ ಅಪರಾಧ. ಚಿಂಚೋಳಿಗೆ ರೈಲಿಲ್ಲ, ಕಲಬುರಗಿಯಿಂದ ಮೊದಲ ಬಸ್ಸುಗಳಲ್ಲೇ ಹೊರಡಿ. ಚಂದ್ರಂಪಳ್ಳಿಗೆ ಬೆಳಿಗ್ಗೆಯೇ ಮುಟ್ಟಿ, ಮುಖ್ಯ ರಸ್ತೆಯ ಕಡೆ ಮುಖ ಮಾಡಿ ನಡೆಯಿರಿ. ಬಸ್ ಇಳಿಯುವಾಗ ಕಂಡಕ್ಟರ್ ಹತ್ತಿರ ಒಂದೇ ಪ್ರಶ್ನೆ: ‘ಕೊನೀ ಬಸ್ ಎಷ್ಟಕ್ಕದರಿ?’ ಅವರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ರಸ್ತೆಯಲ್ಲಿರಿ.

ಯಾವಾಗ?

ನವೆಂಬರ್‌ನಿಂದ ಫೆಬ್ರುವರಿ. ತೊಗರಿ ಹೂ ಬಿಟ್ಟಾಗ ಹೊಲವೆಲ್ಲ ಹಳದಿ. ಮಳೆಗಾಲದಲ್ಲಿ ಕಪ್ಪು ಮಣ್ಣು ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಅರ್ಧ ಕಿಲೋ ಅಂಟುತ್ತೆ, ಡಾಂಬರು ರಸ್ತೆ ಬಿಡಬೇಡಿ. ಏಪ್ರಿಲ್, ಮೇನಲ್ಲಿ ಬೇಡವೇ ಬೇಡ. ಬಿಸಿಲಿಗೆ ಹೆದರಿ ಸರ್ಕಾರವೇ ಈ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತೆ.

ಹೈಕ್ ಏನೂ ನಮಗೆ ಹೊಸದಲ್ಲ. ಎಳ್ಳಮಾಸಿ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವವರು ನಾವು. ಗೊತ್ತಿರುವವರ ಹೊಲಕ್ಕೆ ಹೋಗೋದನ್ನ ಬಿಟ್ಟು ಗೊತ್ತಿಲ್ಲದ ಹೊಲದ ಬದಿಯಲ್ಲಿ ನಡೆಯೋದಷ್ಟೇ ವ್ಯತ್ಯಾಸ. ಬೆಳೆ ತುಳಿಯದೆ, ಕೇಳಿ ನಡೆದರೆ ಯಾರೂ ಬೇಡ ಅನ್ನಲ್ಲ.

ಅದೇ ದಾರಿ, ಇಬ್ಬರ ನಡಿಗೆ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಈ ಯಾವ ಹೈಕಿಗೂ ಹೆಣ್ಣುಮಕ್ಕಳಿಗೆ ಬಸ್ ಖರ್ಚಿಲ್ಲ. ಆದರೆ ಬಸ್ಸು ಉಚಿತವಾಗುವುದು ಬೇರೆ, ಬಸ್ಸು ಬರುವುದು ಬೇರೆ.

ಆ ದಿನ ಚಿಂಚೋಳಿಯ ಗುಡ್ಡದ ದಾರಿಯಲ್ಲಿ ತಾಂಡಾದ ಒಬ್ಬ ಅಮ್ಮ ಜೊತೆಯಾಗಿದ್ದರು. ತಲೆಮೇಲೆ ಗಂಟು, ಕೈಯಲ್ಲಿ ಆಸ್ಪತ್ರೆಯ ಚೀಟಿ. ‘ನೀ ಯಾಕಪ್ಪ ನಡೀಲಿಕತ್ತಿ?’ ಅಂತ ಕೇಳಿದರು. ಸುಮ್ನೆ, ನೋಡ್ಲಿಕ್ಕೆ ಅಂದೆ. ‘ನಮಗ ಈ ಹೊತ್ತಿನ್ಯಾಗ ಬಸ್ ಇಲ್ಲ. ಅದಕ ನಡೀತೀವಿ’ ಅಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ನನಗೇ ಮುಂದೆ ಮಾತು ಹೊರಡಲಿಲ್ಲ.

ಮಧ್ಯಾಹ್ನದ ಟ್ರಿಪ್ಪಿಗೆ ‘ಜನ ಇಲ್ಲ’ ಅನ್ನೋದು ಯಾವಾಗಲೂ ಕೇಳುವ ಉತ್ತರ. ನಾವು ನಾಲ್ಕು ಜನ ಪ್ರತಿ ಭಾನುವಾರ ಹತ್ತಿದರೆ ಆ ಲೆಕ್ಕ ಬದಲಾಗಿಬಿಡುತ್ತೆ ಅಂತ ನಾನು ಹೇಳಲ್ಲ. ಆದರೆ ಕಾರಿನಲ್ಲಿ ಹೋಗಿ ಬಂದವರಿಗೆ ಆ ದಾರಿಯಲ್ಲಿ ಸಂಜೆ ಬಸ್ಸಿಲ್ಲ ಅನ್ನೋದೇ ಗೊತ್ತಾಗಲ್ಲ. ಬಸ್ಸಿನಲ್ಲಿ ಹೋದವರಿಗೆ ಗೊತ್ತಾಗುತ್ತೆ, ಗೊತ್ತಾದವರು ಕೇಳಬಹುದು. ಕೊನೆಯ ಬಸ್ ಎಷ್ಟಕ್ಕೆ ಅನ್ನುವ ಪ್ರಶ್ನೆಯನ್ನು ಕಂಡಕ್ಟರ್ ಹತ್ತಿರ ಮಾತ್ರ ಕೇಳಿ ಬಿಡಬೇಡಿ. ಡಿಪೋದಲ್ಲೂ ಕೇಳಿ, ಓಟು ಕೇಳಲು ಬಂದವರನ್ನೂ ಕೇಳಿ.