ಬಕೆಟ್ಟಿನ ಆಮೆಗೆ ಮನೆ ಯಾವುದು?

ಕೊಡಗಿನಲ್ಲಿ ಮಳೆ ಹಿಡಿದರೆ ತೋಡು, ಗದ್ದೆ ತುಂಬಿ ಆಮೆ ರಸ್ತೆಗೂ ಬರುವುದುಂಟು. ಬಸ್ಸಿನ ಚಕ್ರಕ್ಕೆ ಸಿಗದಿರಲಿ ಅಂತ ಯಾರೋ ಪುಣ್ಯಾತ್ಮರು ಮನೆಗೆ ತರುತ್ತಾರೆ. ಮಕ್ಕಳು ಬಕೆಟ್ಟಿಗೆ ಬಿಟ್ಟು ಅನ್ನ ಹಾಕುತ್ತಾರೆ. ಉಳಿಸಿದ್ದು ಸರಿ ಸ್ವಾಮಿ, ಮುಂದೇನು?

ಕೆರೆ, ಗದ್ದೆಯ ಮೆತ್ತನೆ ಚಿಪ್ಪಿನ ಆಮೆಗೆ ಬೇಕಾದ್ದು ಬಸವನಹುಳು, ಮೀನು, ಕಪ್ಪೆ. ನೀರು ಬತ್ತಿದಾಗ ಅದು ಕೆಸರಲ್ಲಿ ಹುದುಗಿ ಮಲಗುತ್ತದೆ. ಬಕೆಟ್ಟಿನಲ್ಲಿ ಕೆಸರೆಲ್ಲಿ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನು ಸಾಕುವಂತಿಲ್ಲ. ಸಿಕ್ಕ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು.

ದೇವಸ್ಥಾನದ ಕೆರೆಗೆ ಬಿಟ್ಟರಾಯ್ತು ಎನ್ನುವವರುಂಟು. ಅದೂ ತಪ್ಪು. ತಿಂಗಳುಗಟ್ಟಲೆ ಸಾಕಿದ ಆಮೆ ಅಲ್ಲಿನವಕ್ಕೆ ರೋಗ ಒಯ್ಯಬಹುದು. ಗಾಯವಿಲ್ಲದ ಆಮೆಗೆ ಸಿಕ್ಕ ಗದ್ದೆಯೇ ಮನೆ. ಎತ್ತಿದ ಜಾಗ ನೆನಪಿಟ್ಟು ಇಲಾಖೆಯವರಿಗೆ ಹೇಳಿ. ಮಕ್ಕಳು ಒಂದು ದಿನ ಅಳಬಹುದು, ಆಮೆ ಬದುಕೀತು.