ನಿಶ್ಶಬ್ದದ ಉಪಕರಣವೂ ಅತಿಮಂದ್ರದ ತೊಡಕೂ

ಸದ್ದನ್ನು ಸದ್ದಿನಿಂದಲೇ ಅಳಿಸುವ ಉಪಾಯಕ್ಕೆ ಜರ್ಮನಿಯ ಪೌಲ್ ಲ್ಯೂಗ್ ಅವರು 1936ರಲ್ಲಿ ಅಮೆರಿಕೆಯ ಪೇಟೆಂಟನ್ನು ಪಡೆದರು. ಇಂದು ಮುಂಬಯಿಯ ನಿತ್ಯಪ್ರಯಾಣಿಕರು ಧರಿಸುವ ಹೆಡ್‌ಫೋನುಗಳಲ್ಲಿ ಈ ತತ್ತ್ವವೇ ಅಡಗಿದೆ. ಮೈಕ್ರೊಫೋನು ಹೊರಗಿನ ಸದ್ದನ್ನು ಗ್ರಹಿಸುತ್ತದೆ. ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರು ಹೊರಡಿಸುತ್ತದೆ. ಎರಡೂ ಕೂಡಿ ಅಡಗುತ್ತವೆ. 100 ಹರ್ಟ್ಸಿನ ಮೊರೆತದ ಅಲೆಯುದ್ದ ಸುಮಾರು 3.4 ಮೀಟರು; ಇಷ್ಟು ನೀಳವಾದ ಅಲೆಯನ್ನು ಕಿವಿಯ ಬಳಿ ಸರಿಗಟ್ಟುವುದು ಸುಲಭ.

ಹಾಗಾದರೆ ಇನ್ನೂ ಮಂದ್ರವಾದುದು ಮತ್ತೂ ಸುಲಭವಾಗಬೇಡವೆ? ತೊಡಕಿರುವುದು ಇಲ್ಲಿಯೇ. 2024ರಲ್ಲಿ ಮುಂಬಯಿಯಲ್ಲಿ ಸಂಚಾರ ತೊಡಗಿದ ಭೂಗತ ಮೆಟ್ರೊವನ್ನು ಗಮನಿಸಬಹುದು. ಸುರಂಗದಲ್ಲಿ ರೈಲು ಗಾಳಿಯನ್ನು ತಳ್ಳುತ್ತ ಸಾಗುವಾಗ ಒತ್ತಡವು ನಿಧಾನವಾಗಿ ಏರಿಳಿಯುತ್ತದೆ. 20 ಹರ್ಟ್ಸಿಗೂ ಕೆಳಗಿನ ಈ ಏರಿಳಿತ ಕಿವಿಗೆ ಸದ್ದಾಗಿ ಕೇಳಿಸುವುದು ಅಪರೂಪ. ಮೈಕ್ರೊಫೋನಿಗಾದರೋ ಅದು ಪ್ರಬಲ ಸಂಕೇತ. ಅದನ್ನು ಎದುರಿಸಹೊರಟ ಸ್ಪೀಕರಿನ ಕಿರುಪೊರೆಯು ತನ್ನ ಚಲನೆಯ ಎಲ್ಲೆ ಮುಟ್ಟಿ ಗರಗರಗುಟ್ಟುತ್ತದೆ. ಅಳಿಸಬಲ್ಲ ಸದ್ದನ್ನೂ ಅಳಿಸಲಾರದೆ ಹೋಗುತ್ತದೆ. ಕಿವಿಮೆತ್ತೆಯ ಸಂದಿಯಿಂದ ಗಾಳಿ ಸೋರಿದರೆ ಶ್ರಮ ಇನ್ನೂ ಹೆಚ್ಚು.

ಆದುದರಿಂದ ಅತಿಮಂದ್ರ ಸಂಕೇತವನ್ನು ಶೋಧಕವೊಂದರಿಂದ ಮೊದಲೇ ತಗ್ಗಿಸುತ್ತಾರೆ. ಆದರೆ ಶೋಧಕವೂ ನಿರ್ದೋಷವಲ್ಲ. ಅದರ ಮೇರೆಗೆ ಸಮೀಪವಾದ ಅಲೆಗಳ ಹೊಂದಾಣಿಕೆಯನ್ನು ಅದು ಕೆಡಿಸುತ್ತದೆ. ಮೇರೆಯನ್ನು ಮೇಲಿಟ್ಟರೆ ಗಾಲಿಗಳ ಮೊರೆತ ಉಳಿಯುತ್ತದೆ, ಕೆಳಗಿಟ್ಟರೆ ಪೊರೆ ಸೋಲುತ್ತದೆ. ಇವೆರಡರ ನಡುವಣ ತೂಕವನ್ನು ಕಾಯ್ದುಕೊಳ್ಳುವುದರಲ್ಲಿಯೇ ಈ ಉಪಕರಣದ ಗುಣಾವಗುಣ ನಿಂತಿದೆ.