ಒಳ ಅಂಚಿನ ಸವೆತ

ಟೈರು ಪರೀಕ್ಷಿಸುವುದೆಂದರೆ ನಮ್ಮಲ್ಲಿ ಬಹುತೇಕ ಕಾರು ಮಾಲೀಕರಿಗೆ ಗೊತ್ತಿರುವ ವಿಧಾನ ಒಂದೇ. ಪಕ್ಕದಲ್ಲಿ ನಿಂತು, ಚಪ್ಪಲಿಯ ತುದಿಯಿಂದ ಒಮ್ಮೆ ಒದ್ದು, ಗಾಳಿ ಇದೆ ಎಂದು ಸಮಾಧಾನಪಡುವುದು. ತುಸು ಹೆಚ್ಚು ಶ್ರದ್ಧೆಯುಳ್ಳವರು ಬಗ್ಗಿ, ಮೆಕ್ಯಾನಿಕರು ‘ಬಟನ್’ ಎಂದು ಕರೆಯುವ ರಬ್ಬರಿನ ಉಬ್ಬುಗಳು ಎಷ್ಟು ಉಳಿದಿವೆ ಎಂದು ನೋಡುತ್ತಾರೆ. ಆದರೆ ಅವರಿಗೆ ಕಾಣುವುದು ಹೊರ ಅಂಚು ಮಾತ್ರ. ಎಂಜಿನ್ ಕಡೆಗೆ ಮುಖ ಮಾಡಿರುವ ಒಳ ಅಂಚು ಮಡ್‌ಗಾರ್ಡಿನ ಕತ್ತಲೆಯಲ್ಲಿ ಅಡಗಿರುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದ ಹೊರತು, ಇಲ್ಲವೇ ನೆಲದ ಮೇಲೆ ಮಲಗಿದ ಹೊರತು ಅದು ಕಣ್ಣಿಗೆ ಬೀಳದು. ಇತ್ತೀಚಿನ ವೇಗದ ಸೆಡಾನುಗಳಲ್ಲಿ ಮುಂದಿನ ಟೈರು ಮೊದಲು ಸವೆಯುವುದು ಹೆಚ್ಚಾಗಿ ಅಲ್ಲಿಯೇ.

ಪಾಲಿಟೆಕ್ನಿಕ್ ಒಂದರಲ್ಲಿ ಬಹುಕಾಲ ಆಟೊಮೊಬೈಲ್ ಪಾಠ ಹೇಳಿ ನಿವೃತ್ತನಾಗಿ ಹುಲಸೂರಿನಲ್ಲಿ ನೆಲೆಸಿರುವ ನನಗೆ ಈ ವಿಷಯ ಮತ್ತೆ ಎದುರಾದದ್ದು ತಮ್ಮನ ಮಗನ ಕಾರಿನ ಮೂಲಕ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಆತ ತಿಂಗಳಿಗೆರಡು ಬಾರಿ ತಾಯಿಯನ್ನು ನೋಡಲು ಊರಿಗೆ ಬರುತ್ತಾನೆ. ಎರಡು ವರ್ಷಗಳ ಹಿಂದೆ ಟರ್ಬೊ ಎಂಜಿನ್ನಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಸೆಡಾನೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಒಳ್ಳೆಯ ಕಾರು, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದಿನ ಟೈರುಗಳು ಹದಿನೈದು ಸಾವಿರ ಕಿ.ಮೀ. ದಾಟುತ್ತಿರಲಿಲ್ಲ. ಒಂದು ಜೊತೆ ಹೋಯಿತು, ಎರಡನೆಯ ಜೊತೆಯೂ ಹೋಯಿತು. ನಗರದ ವರ್ಕ್‌ಶಾಪಿನವರು ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: ನಿಮ್ಮ ಊರಿನ ರಸ್ತೆ ಸರಿಯಿಲ್ಲ. ಮಾತಿಗೆ ಸಾಕ್ಷಿಯಾಗಿ ಅಲೈನ್‌ಮೆಂಟ್ ಯಂತ್ರದಿಂದ ಹೊರಬಂದ ಒಂದು ಬಣ್ಣದ ಹಾಳೆ. ಅದರಲ್ಲಿ ಎಲ್ಲ ಅಂಕಿಗಳೂ ಹಸಿರು.

ಕಳೆದ ಚಳಿಗಾಲದಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳೊಡನೆ ಬರುತ್ತಿದ್ದಾಗ ಹುಮನಾಬಾದ್ ಸಮೀಪಿಸುವಷ್ಟರಲ್ಲಿ ಎಡ ಮುಂಗಾಲಿಯಲ್ಲಿ ಗಾಳಿ ಇಳಿಯತೊಡಗಿತು. ನಾನು ಬೇರೆ ಕೆಲಸದ ಮೇಲೆ ಆ ಊರಿಗೇ ಹೋಗಿದ್ದರಿಂದ ಪಂಕ್ಚರ್ ಅಂಗಡಿಯಲ್ಲಿ ಅವರನ್ನು ಕೂಡಿಕೊಂಡೆ. ಟ್ಯೂಬ್‌ಲೆಸ್ ಟೈರಾದ್ದರಿಂದ ಸಾಮಾನ್ಯವಾಗಿ ಚಕ್ರ ಬಿಚ್ಚದೆಯೇ ಮೊಳೆ ಕಿತ್ತು ಬತ್ತಿ ತುರುಕಿ ಕಳಿಸುತ್ತಾರೆ. ಮೊಳೆ ಒಳಮಗ್ಗುಲಿಗೆ ಸರಿದಿದ್ದರಿಂದ ಅಂಗಡಿಯ ಹುಡುಗ ಚಕ್ರ ಬಿಚ್ಚಿ ಅಂಗಾತ ಹಾಕಿದ. ಅಂಗೈಯನ್ನು ಒಳ ಅಂಚಿನ ಮೇಲೆ ಆಡಿಸಹೋಗಿ ತಟ್ಟನೆ ಹಿಂದೆಗೆದ. “ಇಲ್ಲಿ ನೋಡ್ರಿ ಸರ್, ತಂತಿ ಹೊರಗ ಬಂದಾವ” ಎಂದ. ಹೊರ ಅಂಚಿನಲ್ಲಿ ಇನ್ನೂ ಐದು ಮಿ.ಮೀ. ಬಟನ್ ಇದ್ದ ಟೈರು ಅದು. ಒಳ ಅಂಚಿನಲ್ಲಿ ಎರಡು ಬೆರಳಗಲ ರಬ್ಬರೇ ಇರಲಿಲ್ಲ. ಉಕ್ಕಿನ ಎಳೆಗಳು ಕುಂಚದ ಕೂದಲಿನಂತೆ ನಿಂತಿದ್ದವು. ಅರ್ಧ ತಾಸಿನ ಹಿಂದಷ್ಟೇ ಅದೇ ಟೈರಿನ ಮೇಲೆ ಚತುಷ್ಪಥ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಬಂದಿದ್ದರು. ಮಗು ಹಿಂದಿನ ಸೀಟಿನಲ್ಲಿ ಇನ್ನೂ ನಿದ್ದೆಯಲ್ಲಿತ್ತು.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಆ ಮಿತಿಯನ್ನು ತೋರಿಸಲೆಂದೇ ಕಂಪನಿಗಳು ಅಚ್ಚಿನ ನಡುವಿನ ಕಾಲುವೆಗಳಲ್ಲಿ ಚಿಕ್ಕ ದಿಂಬುಗಳನ್ನು ಇಟ್ಟಿರುತ್ತವೆ. ಆದರೆ ಈ ದಿಂಬುಗಳಿರುವುದು ಮುಖ್ಯ ಕಾಲುವೆಗಳಲ್ಲಿ. ತೀರ ಅಂಚಿನ ಭುಜದಲ್ಲಿ ಅಲ್ಲ. ಹಾಗಾಗಿ ನಡುಭಾಗ ಕಾನೂನಿಗೆ ಸರಿಯಾಗಿದ್ದೂ ಅಂಚು ಸತ್ತಿರಬಹುದು. ರಬ್ಬರು ಹೋಗಿ ಉಕ್ಕಿನ ಪಟ್ಟಿ ಹೊರಬಿದ್ದ ಮೇಲೆ ನೀರು ಒಳಹೊಕ್ಕು ತುಕ್ಕು ಹಿಡಿಯುತ್ತದೆ, ಪದರಗಳು ಬಿಡಿಸಿಕೊಳ್ಳುತ್ತವೆ. ಬೇಸಿಗೆಯ ಕಾದ ರಸ್ತೆ, ಮೇಲೆ ವೇಗ, ಮೇಲೆ ಭಾರ. ಮುಂಗಾಲಿ ಸಿಡಿದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುವ ಭರವಸೆ ಇಲ್ಲ.

ಇಷ್ಟಕ್ಕೂ ಟೈರು ಒಂದೇ ಕಡೆ ಸವೆಯುವುದೇಕೆ? ಗಾಳಿ ಹೆಚ್ಚಾದರೆ ನಡುಭಾಗ ಸವೆಯುತ್ತದೆ, ಕಡಿಮೆಯಾದರೆ ಎರಡೂ ಅಂಚುಗಳು ಸವೆಯುತ್ತವೆ. ಒಂದೇ ಅಂಚು ಸವೆದರೆ ದೋಷ ಗಾಳಿಯದಲ್ಲ, ಚಕ್ರ ನಿಂತಿರುವ ಕೋನದ್ದು. ಕೋನಗಳಲ್ಲಿ ಮುಖ್ಯವಾದವು ಎರಡು. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂಗು ಪರಸ್ಪರ ಹತ್ತಿರವಿದೆಯೇ ದೂರವಿದೆಯೇ ಎಂಬುದು ಟೋ. ನಾನು ತರಗತಿಯಲ್ಲಿ ಹೇಳುತ್ತಿದ್ದ ಹೋಲಿಕೆ ಎತ್ತಿನದು: ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಒಂದು ಆಚೆ, ಒಂದು ಈಚೆ ಮೂತಿ ಮಾಡಿ ಎಳೆದರೂ ಬಂಡಿ ನೇರವಾಗಿಯೇ ಹೋದೀತು; ಸವೆಯುವುದು ಗೊರಸು.

ಲೆಕ್ಕ ಹಾಕಿದರೆ ಇದರ ಗಾಂಭೀರ್ಯ ತಿಳಿಯುತ್ತದೆ. 17 ಅಂಗುಲದ ರಿಮ್ಮಿನ ವ್ಯಾಸ ಸುಮಾರು 432 ಮಿ.ಮೀ. ಆ ರಿಮ್ಮಿನ ಮುಂದಂಚು ಹಿಂದಂಚಿಗಿಂತ ಕೇವಲ 2 ಮಿ.ಮೀ. ಹೊರಕ್ಕೆ ತಿರುಗಿದೆ ಎನ್ನಿ. ಕಾಲು ಡಿಗ್ರಿಗಿಂತ ತುಸುವೇ ಹೆಚ್ಚು, ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಚಕ್ರ ಉರುಳಬಯಸುವ ದಿಕ್ಕು ಬೇರೆ, ಕಾರು ಅದನ್ನು ಒಯ್ಯುವ ದಿಕ್ಕು ಬೇರೆ ಆದ್ದರಿಂದ ಪ್ರತಿ ಕಿಲೋಮೀಟರಿಗೆ ಟೈರು 4.6 ಮೀಟರಿನಷ್ಟು ಅಡ್ಡಡ್ಡ ಉಜ್ಜಲ್ಪಡುತ್ತದೆ. ಹತ್ತು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಅಡ್ಡ ಉಜ್ಜಾಟವೇ 46 ಕಿ.ಮೀ.; ಹೆಚ್ಚುಕಡಿಮೆ ಹುಮನಾಬಾದಿನಿಂದ ಬೀದರಿಗಿರುವಷ್ಟು ದೂರ. ಒಂದು ರಬ್ಬರಿನ ತುಂಡನ್ನು ಡಾಂಬರಿನ ಮೇಲೆ ಅಷ್ಟು ದೂರ ಎಳೆದುಕೊಂಡು ಹೋದರೆ ಏನುಳಿದೀತು?

ವೇಗದ ಕಾರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ. ತಿರುವಿನಲ್ಲಿ ಮೈ ವಾಲಿದಾಗ ಹೊರಬದಿಯ ಟೈರು ನೆಲವನ್ನು ಪೂರ್ತಿ ಹಿಡಿಯಲೆಂದು ತಯಾರಕರು ಚಕ್ರದ ತಲೆಯನ್ನು ಬೇಕೆಂದೇ ಒಳಕ್ಕೆ ವಾಲಿಸಿರುತ್ತಾರೆ. ಘಟ್ಟದ ತಿರುವಿನಲ್ಲಿ ಅದು ವರವೇ. ನೇರ ಹೆದ್ದಾರಿಯಲ್ಲಿ ಮಾತ್ರ ಭಾರವೆಲ್ಲ ಒಳ ಅಂಚಿನ ಮೇಲೆ ಕೂರುತ್ತದೆ. ಕ್ಯಾಂಬರ್ ಒಂದೇ ಇದ್ದರೆ ಸವೆತ ನಿಧಾನ. ಅದಕ್ಕೆ ಹೊರಮುಖದ ಟೋ ಜೊತೆಯಾದಾಗ ಟೈರು ಪೆನ್ಸಿಲ್ ಮೆಂಡರಿಗೆ ಕೊಟ್ಟಂತೆ. ಕಾರನ್ನು ಇನ್ನಷ್ಟು ತಗ್ಗಿಸಿ ಸೊಗಸು ಹೆಚ್ಚಿಸುವ ಸ್ಪ್ರಿಂಗುಗಳನ್ನು ಹಾಕಿಸಿಕೊಳ್ಳುವ ತರುಣರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲವೆಂದು ಕಾಣುತ್ತದೆ.

ಇನ್ನು ರಸ್ತೆಯ ಮಾತು. ವರ್ಕ್‌ಶಾಪಿನವರ ಆರೋಪದಲ್ಲಿ ಅರ್ಧ ಸತ್ಯವಿದೆ. ಬಸವಕಲ್ಯಾಣದಿಂದ ಉತ್ತರಕ್ಕಿರುವ ಹುಲಸೂರು ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರ. ಆದರೂ ಹೆದ್ದಾರಿ ಬಿಟ್ಟು ನಮ್ಮೂರಿನ ಕಡೆ ತಿರುಗಿದ ಮೇಲೆ ಸೆಡಾನಿಗೆ ಬೇರೆಯೇ ಲೋಕ. ಇಲ್ಲಿನ ಎರೆಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲೆ ಹಾಸಿದ ತೆಳು ಡಾಂಬರು ಅದರೊಂದಿಗೆ ಏಳುತ್ತ ಬೀಳುತ್ತ ಅಲೆಯಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರು ಎದುರಾದರೆ ಕಾರಿನವನಿಗೆ ಉಳಿಯುವ ದಾರಿ ಒಂದೇ, ಎಡಗಾಲಿಗಳನ್ನು ಡಾಂಬರಿನಿಂದ ಕೆಳಗಿಳಿಸುವುದು. ಅಂಚು ಕುಸಿದಲ್ಲಿ ಅದು ಗೇಣುದ್ದದ ಮೆಟ್ಟಿಲು. ಹತ್ತುವಾಗ ಚಕ್ರದ ಪಕ್ಕೆ ಆ ಮೆಟ್ಟಿಲಿಗೆ ಉಜ್ಜುತ್ತದೆ, ಹೊಡೆತ ನೇರವಾಗಿ ಲೋವರ್ ಆರ್ಮಿಗೆ ಮುಟ್ಟುತ್ತದೆ. ಸಾದಾ ಕಾರಿನ 165/80 ಟೈರಿನಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ 132 ಮಿ.ಮೀ. ಎತ್ತರದ ರಬ್ಬರಿನ ಗೋಡೆ ಇರುತ್ತದೆ. ಈ ಸೆಡಾನಿನ 225/45 ಟೈರಿನಲ್ಲಿ ಅದು 101 ಮಿ.ಮೀ. ಮಾತ್ರ. ಟೈರು ನುಂಗಬೇಕಾದ ಪೆಟ್ಟನ್ನು ಸಂದುಗಳು ನುಂಗುತ್ತವೆ. ನಮ್ಮಲ್ಲಿ ಎಡ ಮುಂಗಾಲಿಯೇ ಮೊದಲು ಕೆಡುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ರಸ್ತೆ ಉಬ್ಬುಗಳದು ಇನ್ನೊಂದು ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೊಂದು ಮಾದರಿ ಹಾಕಿಕೊಟ್ಟಿದೆ: ಉದ್ದ 3.7 ಮೀಟರು, ಎತ್ತರ 10 ಸೆಂ.ಮೀ., ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಹಳ್ಳಿಯ ಮುಂದೆ ರಾತ್ರೋರಾತ್ರಿ ಏಳುವ ಉಬ್ಬಿಗೆ ಎತ್ತರವಿರುತ್ತದೆ, ಉದ್ದವಿರುವುದಿಲ್ಲ. ಅಡ್ಡ ಮಲಗಿಸಿದ ದಿಮ್ಮಿಯಂತೆ. ಆದರೆ ಅದನ್ನು ಹಾಕಿದವರನ್ನು ಬೈಯಲು ನನಗೆ ಮನಸ್ಸಾಗದು. ಇಂಥ ಉಬ್ಬು ಏಳುವುದು ಸಾಮಾನ್ಯವಾಗಿ ಆ ಜಾಗದಲ್ಲಿ ಒಂದು ಮಗುವೋ ಮುದುಕಿಯೋ ವಾಹನಕ್ಕೆ ಸಿಕ್ಕ ಮೇಲೆ. ಅಳತೆಪಟ್ಟಿ ಹಿಡಿದುಕೊಂಡು ಬರಬೇಕಾದವರು ಬಾರದಿದ್ದಾಗ ಸಲಿಕೆ ಹಿಡಿದವರು ಬರುತ್ತಾರೆ.

ರಸ್ತೆ ಹೀಗಿದೆ, ಒಪ್ಪೋಣ. ಆದರೆ ರಸ್ತೆಯ ಹೆಸರು ಹೇಳಿ ಎರಡು ಜೊತೆ ಟೈರು ಮಾರಿದ ವರ್ಕ್‌ಶಾಪು ತನ್ನ ಕೆಲಸ ಮಾಡಿತ್ತೇ? ಆ ಹಸಿರು ಹಾಳೆಗಳನ್ನು ತರಿಸಿ ನೋಡಿದೆ. ಮೂರಿದ್ದವು. ಮೂರರಲ್ಲೂ ‘ಸರಿಪಡಿಸುವ ಮೊದಲು’ ಎಂಬ ಕಾಲಮ್ಮಿನಲ್ಲಿ ಎಡಚಕ್ರದ ಟೋ ಕೆಂಪು, ‘ನಂತರ’ ಎಂಬಲ್ಲಿ ಹಸಿರು. ಒಂದೇ ಚಕ್ರ, ಒಂದೇ ಕೋನ, ಒಂದೇ ದಿಕ್ಕಿಗೆ ಮೂರು ಬಾರಿ ತಪ್ಪಿದ್ದರೆ ಸಂದಿನಲ್ಲೇನೋ ಸಡಿಲವಿದೆ ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯಬೇಕಾದ ಸಂಗತಿ. ಪ್ರತಿ ಸಲ ಟೈ ರಾಡ್ ತಿರುಗಿಸಿ ಅಂಕಿಯನ್ನು ಹಸಿರು ಮಾಡಿ ಕಳಿಸಲಾಗಿತ್ತು.

ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಅದು ಅಳೆಯುವುದು ನಿಂತ ಕಾರನ್ನು. ಲೋವರ್ ಆರ್ಮನ್ನು ಚಾಸಿಗೆ ಬಿಗಿಯುವಲ್ಲಿ ರಬ್ಬರಿನ ಬುಷ್ ಇರುತ್ತದೆ; ಅದು ಹರಿದಿದ್ದರೆ ನಿಂತಾಗ ಚಕ್ರ ತನ್ನ ಜಾಗದಲ್ಲೇ ಕೂತಿರುತ್ತದೆ. ಬ್ರೇಕ್ ಒತ್ತಿದೊಡನೆ ಚಕ್ರ ಹಿಂದಕ್ಕೆ ಸರಿದು ಮೂಗು ಹೊರಕ್ಕೆ ತಿರುಗುತ್ತದೆ. ಬುಷ್ ನೋಡದೆ ಅಲೈನ್‌ಮೆಂಟ್ ಮಾಡುವುದು ಅಡಿಪಾಯ ಕುಸಿದ ಗೋಡೆಗೆ ಸುಣ್ಣ ಬಳಿದಂತೆ. ನೋಡುವುದೇನೂ ಕಷ್ಟವಲ್ಲ. ಕಾರನ್ನು ಎತ್ತಿ, ಒಂದು ಹಾರೆಯನ್ನು ಆರ್ಮಿನ ಸಂದಿಗೆ ಸೇರಿಸಿ ಮೀಟಿದರೆ ಸಾಕು. ಮರುದಿನ ಹುಮನಾಬಾದಿನ ಮೆಕ್ಯಾನಿಕರೊಬ್ಬರು ಮಾಡಿದ್ದೂ ಅಷ್ಟೇ. ಎಡಗಡೆಯ ಹಿಂಬುಷ್ ಹರಿದು ಎರಡಾಗಿತ್ತು, ಬಾಲ್ ಜಾಯಿಂಟಿನಲ್ಲೂ ಆಟವಿತ್ತು. ಎಡಬಲ ಎರಡೂ ಕಡೆ ಬದಲಿಸಲು ತಗುಲಿದ್ದು ಒಂದು ಟೈರಿನ ಅರ್ಧ ಬೆಲೆ.

ಯಂತ್ರಗಳು ಬರುವ ಮುನ್ನ ಜೀಪು, ಅಂಬಾಸಡರುಗಳಿಗೆ ನಾವು ದಾರ ಕಟ್ಟಿ ಅಲೈನ್‌ಮೆಂಟ್ ನೋಡುತ್ತಿದ್ದೆವು. ಹಿಂಗಾಲಿಯ ಪಕ್ಕೆಗೆ ತಾಗಿಸಿದ ದಾರವನ್ನು ಮುಂಗಾಲಿಯವರೆಗೆ ಬಿಗಿದೆಳೆದು ಸ್ಕೇಲಿನಿಂದ ಅಂತರ ಅಳೆಯುವುದು. ನಿಖರತೆಯಲ್ಲಿ ಅದು ಇಂದಿನ ಕ್ಯಾಮೆರಾ ಯಂತ್ರದ ಹತ್ತಿರವೂ ಸುಳಿಯದು. ಆದರೆ ದಾರ ಕಟ್ಟುವವನು ಕಾರಿನಡಿ ಮಲಗಲೇಬೇಕಿತ್ತು, ಮಲಗಿದಾಗ ಬುಷ್ ಕಾಣುತ್ತಿತ್ತು. ಈಗಿನ ಹುಡುಗರು ಪರದೆ ನೋಡುತ್ತಾರೆ. ತಪ್ಪು ಅವರದೆನ್ನಲಾರೆ, ಅವರಿಗೆ ಪರದೆಯನ್ನಷ್ಟೇ ಕಲಿಸಲಾಗಿದೆ.

ಗ್ರಾಹಕ ಕೇಳಬೇಕಾದದ್ದೂ ಬಹಳವಿಲ್ಲ. ಅಲೈನ್‌ಮೆಂಟಿಗೆ ಮೊದಲು ಬುಷ್, ಬಾಲ್ ಜಾಯಿಂಟ್, ಟೈ ರಾಡಿನ ತುದಿಗಳನ್ನು ಮೀಟಿ ತೋರಿಸಿ ಎನ್ನಬೇಕು. ಹಾಳೆಯಲ್ಲಿ ‘ನಂತರ’ಕ್ಕಿಂತ ‘ಮೊದಲು’ ಎಂಬ ಕಾಲಮ್ಮನ್ನು ಓದಬೇಕು, ಹಳೆಯ ಹಾಳೆಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು. ನಾಲ್ಕೂ ಚಕ್ರಗಳನ್ನು ಅಳೆಯಿರಿ ಎನ್ನಬೇಕು. ಹಿಂಗಾಲಿಗಳು ವಾರೆಯಾಗಿದ್ದರೆ ಮುಂಗಾಲಿಗಳನ್ನು ಮಾತ್ರ ತಿದ್ದಿ ಪ್ರಯೋಜನವಿಲ್ಲ. ಮನೆಯಲ್ಲಿ ತಿಂಗಳಿಗೊಮ್ಮೆ ಸ್ಟೀರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಎಂಜಿನ್ ಆರಿಸಿ, ಮೊದಲು ಟಾರ್ಚ್ ಹಿಡಿದು ಒಳ ಅಂಚನ್ನು ನೋಡಿ, ತಂತಿ ಇಲ್ಲವೆಂದಾದ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿದರಾಯಿತು. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ತಗುಲಿದರೆ ಟೋ ತಪ್ಪಿದೆ ಎಂದೇ ಅರ್ಥ.

ಹೊಸ ಬುಷ್ ಹಾಕಿ, ಅಲೈನ್‌ಮೆಂಟ್ ಮಾಡಿಸಿ ಈಗ ಆ ಕಾರು ಒಂಬತ್ತು ಸಾವಿರ ಕಿ.ಮೀ. ಓಡಿದೆ, ಅದೇ ರಸ್ತೆ, ಅದೇ ಉಬ್ಬುಗಳು, ಅದೇ ಟ್ರ್ಯಾಕ್ಟರುಗಳು. ಕಳೆದ ತಿಂಗಳು ಅಳೆದಾಗ ಎಡ ಮುಂಗಾಲಿಯ ಹೊರ ಅಂಚು 6 ಮಿ.ಮೀ., ಒಳ ಅಂಚು ಐದೂವರೆ. ತಾಯಿ ಕಟ್ಟಿಕೊಡುವ ಜೋಳದ ಚೀಲ, ತೊಗರಿಬೇಳೆಯ ಡಬ್ಬಿಗಳ ಭಾರವೂ ಅದರಲ್ಲಿ ಸೇರಿದೆ.

ತಂತಿ ಬಿಟ್ಟಿದ್ದ ಹಳೆಯ ಟೈರನ್ನು ಅಂದು ಅಂಗಡಿಯಲ್ಲೇ ಬಿಟ್ಟು ಹೊರಡುವವರಿದ್ದೆವು. ಅಷ್ಟರಲ್ಲಿ ಅಲ್ಲಿ ನಿಂತಿದ್ದವರೊಬ್ಬರು ಅದನ್ನು ಹೊರಮಗ್ಗುಲಿನಿಂದ ನೋಡಿ, ಬಟನ್ ಚೆನ್ನಾಗಿದೆಯಲ್ಲ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದರು. ಹುಡುಗನಿಂದ ಗರಗಸ ಇಸಿದುಕೊಂಡು ಪಕ್ಕೆಯನ್ನು ಎರಡು ಕಡೆ ಸೀಳಿಸಿ, ಬಲಗಡೆಯದಕ್ಕೂ ಹಾಗೆಯೇ ಮಾಡಿಸಿ ಹೊರಟೆವು.